ಗ್ರಾಂ ಪ್ರಿ ಮೋಟಾರು ಓಟಗಳು: ಕೆಲವು ಸ್ಮರಣೀಯ ಪ್ರಸಂಗಗಳು

ಕಾರವಾರದಿಂದ ಅಂಕೋಲೆಗೆ ರಸ್ತೆಯ ದೂರ ಸುಮಾರು 35 ಕಿಲೋಮೀಟರು. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸಹ್ಯಾದ್ರಿಯ ಚಾಚುಗಳು. ನಡುವೆ ಬಿಣಗಾ, ಅರಗಾ, ಅಮದಳ್ಳಿ, ಹಾರವಾಡ, ಅವರ್ಸಾ. ಅಂಕೋಲೆಯಿಂದ ಪೂರ್ವಕ್ಕೆ ತಿರುಗಿದ ಹುಬ್ಬಳ್ಳಿಯ ಹೆದ್ದಾರಿ ಅರಬೈಲ್ ಘಟ್ಟವನ್ನೇರಿ ಯಲ್ಲಾಪುರದ ಕಡೆಗೆ ಸಾಗುತ್ತದೆ. ಆ ಘಟ್ಟವನ್ನು ನಿತ್ಯ ಹತ್ತಿಳಿಯುವ ಲಾರಿ ಚಾಲಕರಲ್ಲಿ ಒಂದು ಹಳೆಯ ನಿಯಮವುಂಟು: ಯಾವ ಗೇರಿನಲ್ಲಿ ಏರಿದೆಯೋ ಅದೇ ಗೇರಿನಲ್ಲಿ ಇಳಿ. ಬರಿಯ ಬ್ರೇಕನ್ನು ನಂಬಿ ಇಳಿದವನ ಬ್ರೇಕು ಕಾದು, ಅರ್ಧ ದಾರಿಯಲ್ಲಿಯೇ ಹಿಡಿತ ಕಳೆದುಕೊಳ್ಳುತ್ತದೆ. ಗಾಡಿ ಓಡಿಸುವವನ ಯೋಗ್ಯತೆ ಏರಿನಲ್ಲಿ ತಿಳಿಯುವುದಿಲ್ಲ, ಇಳುಕಲಿನಲ್ಲಿ ತಿಳಿಯುತ್ತದೆ ಎಂಬುದು ಅವರ ಅನುಭವ.

ಜಗತ್ತಿನ ಅತಿವೇಗದ ಕಾರುಗಳ ಸ್ಪರ್ಧೆಯಾದ ಗ್ರಾಂ ಪ್ರಿ ಓಟದ ವಿಷಯವನ್ನು ಹೇಳಹೊರಟಾಗ ಈ ಲಾರಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಆ ಸ್ಪರ್ಧೆಯ ಒಂದು ನೂರು ವರ್ಷಗಳಿಗೂ ಮಿಕ್ಕ ಇತಿಹಾಸದಲ್ಲಿ ಜನರು ಮರೆಯದೆ ಉಳಿಸಿಕೊಂಡ ಓಟಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಬಹುಪಾಲಿನ ನಿರ್ಣಯವಾದುದು ಚಾಲಕನು ವೇಗವನ್ನು ಹೆಚ್ಚಿಸಿದ ಕ್ಷಣದಲ್ಲಲ್ಲ, ಇಳಿಸಿದ ಅಥವಾ ನಿಲ್ಲಿಸಿದ ಕ್ಷಣದಲ್ಲಿ ಎಂಬುದು ಕಂಡುಬರುತ್ತದೆ.

'ಗ್ರಾಂ ಪ್ರಿ' ಎಂಬುದು ಫ್ರೆಂಚ್ ಮಾತು. ಮಹಾ ಬಹುಮಾನ ಎಂದರ್ಥ. ಆ ಹೆಸರಿನ ಮೊದಲ ದೊಡ್ಡ ಮೋಟಾರು ಓಟ ನಡೆದುದು 1906ರ ಜೂನ್ ತಿಂಗಳಲ್ಲಿ, ಫ್ರಾನ್ಸಿನ ಲ ಮಾನ್ ಪಟ್ಟಣದ ಹೊರವಲಯದ ಹಳ್ಳಿರಸ್ತೆಗಳಲ್ಲಿ. ಒಂದು ಸುತ್ತು ನೂರು ಕಿಲೋಮೀಟರಿಗೂ ಹೆಚ್ಚು. ಎರಡು ದಿನಗಳಲ್ಲಿ ಅಂಥ ಹನ್ನೆರಡು ಸುತ್ತು. ಗೆದ್ದವನು ರೆನೋ ಕಾರಿನ ಫೆರೆಂಕ್ ಸಿಸ್ ಎಂಬ ಹಂಗೇರಿಯವನು. ಅವನ ಗೆಲುವಿಗೆ ಒಂದು ಮುಖ್ಯ ಕಾರಣ ಎಂಜಿನ್ನಲ್ಲ, ಚಕ್ರದ ಬಳೆ. ಅಂದಿನ ರಸ್ತೆಗಳಲ್ಲಿ ಟೈರುಗಳು ಮತ್ತೆ ಮತ್ತೆ ಹರಿಯುತ್ತಿದ್ದವು. ಇತರರು ಹರಿದ ಟೈರನ್ನು ಚಾಕುವಿನಿಂದ ಕೊಯ್ದು ತೆಗೆದು ಹೊಸದನ್ನು ತೊಡಿಸಲು ಹೆಣಗುತ್ತಿದ್ದರೆ, ಬಳೆಯ ಸಮೇತ ಟೈರನ್ನು ಬಿಚ್ಚಿ ಬದಲಿಸಬಹುದಾದ ಮಿಶೆಲಿನ್ ಕಂಪನಿಯ ಹೊಸ ವ್ಯವಸ್ಥೆ ಸಿಸ್‌ನ ಕಾರಿಗಿತ್ತು. ನಿಂತಲ್ಲಿ ಉಳಿಸಿದ ಕಾಲವೇ ಅವನನ್ನು ಮುಂದಿಟ್ಟಿತು. ಇಂದು ಸೂತ್ರಬದ್ಧವಾಗಿ ನಡೆಯುವ 'ಫಾರ್ಮುಲಾ ಒನ್' ವಿಶ್ವ ಚಾಂಪಿಯನ್‌ಶಿಪ್ಪು 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಆರಂಭವಾಯಿತು.

ಎಲ್ಲ ಗ್ರಾಂ ಪ್ರಿಗಳಲ್ಲಿ ಅತ್ಯುತ್ತಮ ಓಟ ಯಾವುದೆಂಬ ಚರ್ಚೆ ಎದ್ದಾಗಲೆಲ್ಲ ಮೊದಲು ಬರುವ ಹೆಸರು 1957ರ ಜರ್ಮನ್ ಗ್ರಾಂ ಪ್ರಿಯದು. ಅಂದಿನ ನ್ಯೂರ್ಬರ್ಗ್‌ರಿಂಗ್ ಮಾರ್ಗದ ಒಂದು ಸುತ್ತು 22.8 ಕಿಲೋಮೀಟರು, ಅಂದರೆ ಕಾರವಾರ ಬಿಟ್ಟು ಬಿಣಗಾದ ಏರಿಳಿತ ದಾಟಿ ಹೆಚ್ಚುಕಡಿಮೆ ಅವರ್ಸಾ ತಲುಪುವಷ್ಟು ದೂರ. ಕಾಡುಗುಡ್ಡಗಳ ನಡುವೆ ನೂರೈವತ್ತಕ್ಕೂ ಹೆಚ್ಚು ತಿರುವುಗಳು. ಅಂಥ 22 ಸುತ್ತುಗಳ ಓಟವದು. ಅರ್ಜೆಂಟೀನಾದ ಹುವಾನ್ ಮಾನುಯೆಲ್ ಫಾಂಜಿಯೊ ಮಸೆರಾಟಿ ಕಾರಿನಲ್ಲಿದ್ದನು. ಅವನಿಗೆ ಆಗ 46 ವರ್ಷ. ಎದುರಾಳಿಗಳು ಫೆರಾರಿಯ ಇಬ್ಬರು ಇಂಗ್ಲಿಷ್ ತರುಣರು: ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್.

ಫೆರಾರಿಯವರು ಟ್ಯಾಂಕು ತುಂಬಿಸಿ, ಗಟ್ಟಿ ಟೈರು ಹಾಕಿ, ಎಲ್ಲಿಯೂ ನಿಲ್ಲದೆ ಓಡುವ ಯೋಜನೆ ಹಾಕಿದ್ದರು. ಮಸೆರಾಟಿಯ ಮೃದು ಟೈರುಗಳು ಅಷ್ಟು ಬಾಳುವಂತಿರಲಿಲ್ಲ. ಆದುದರಿಂದ ಫಾಂಜಿಯೊ ಅರ್ಧ ಟ್ಯಾಂಕಿನೊಂದಿಗೆ ಹಗುರವಾಗಿ ಹೊರಟು, ಅರ್ಧ ಮಿನಿಟಿನಷ್ಟು ಮುನ್ನಡೆ ಗಳಿಸಿ, ನಡುವೆ ಒಮ್ಮೆ ನಿಂತು ಇಂಧನ ಮತ್ತು ಟೈರು ಪಡೆಯುವುದೆಂದು ನಿಶ್ಚಯವಾಯಿತು. ಹನ್ನೆರಡನೆಯ ಸುತ್ತಿಗೆ ಅವನು ನಿಂತಾಗ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೆಕ್ಯಾನಿಕನ ಕೈಯಿಂದ ಜಾರಿದ ಚಕ್ರದ ನಟ್ಟೊಂದು ಕಾರಿನಡಿಗೆ ಉರುಳಿತು. ಅದನ್ನು ಹುಡುಕುವುದರಲ್ಲಿ ಬಹಳ ಕಾಲ ಕಳೆಯಿತು. ಫಾಂಜಿಯೊ ಮತ್ತೆ ಹಾದಿಗಿಳಿದಾಗ ಮುಕ್ಕಾಲು ಮಿನಿಟಿಗೂ ಹೆಚ್ಚು ಹಿಂದೆ ಬಿದ್ದಿದ್ದನು.

ಆಮೇಲೆ ನಡೆದುದೇ ಇತಿಹಾಸ. ಸುತ್ತು ಸುತ್ತಿಗೂ ಅವನು ತನ್ನ ದಾಖಲೆಯನ್ನು ತಾನೇ ಮುರಿಯುತ್ತ ಬಂದನು. ಆರಂಭಸ್ಥಾನವನ್ನು ನಿಶ್ಚಯಿಸುವ ಸುತ್ತಿನಲ್ಲಿ, ಒಂಟಿಯಾಗಿ ಓಡಿದಾಗ, ಅವನ ಅತ್ಯುತ್ತಮ ಕಾಲ 9 ಮಿನಿಟು 25.6 ಸೆಕೆಂಡು, ಈಗ ಓಟದ ಮಧ್ಯೆ ಅದು 9 ಮಿನಿಟು 17.4 ಸೆಕೆಂಡಿಗೆ ಇಳಿಯಿತು. ಅವನೇ ಮುಂದೆ ವಿವರಿಸಿದಂತೆ, ಹಲವು ತಿರುವುಗಳನ್ನು ರೂಢಿಯ ಗೇರಿಗಿಂತ ಒಂದು ಗೇರು ಮೇಲಿಟ್ಟು ದಾಟಿದನು. ಇಪ್ಪತ್ತೊಂದನೆಯ ಸುತ್ತಿನಲ್ಲಿ ಕಾಲಿನ್ಸ್, ಬಳಿಕ ಹಾಥಾರ್ನ್ ಇಬ್ಬರೂ ಹಿಂದೆ ಬಿದ್ದರು. ಗೆಲುವಿನ ಅಂತರ 3.6 ಸೆಕೆಂಡು. ಅದರೊಡನೆ ಐದನೆಯ ವಿಶ್ವಪದವಿ ಅವನದಾಯಿತು. ಅದು ಅವನ ಇಪ್ಪತ್ತನಾಲ್ಕನೆಯ ಹಾಗೂ ಕೊನೆಯ ಗ್ರಾಂ ಪ್ರಿ ಗೆಲುವು. ಅಂಥ ವೇಗದಲ್ಲಿ ತಾನು ಹಿಂದೆಂದೂ ಓಡಿಸಿರಲಿಲ್ಲ, ಮುಂದೆಂದೂ ಓಡಿಸಲಾರೆ ಎಂದು ಆತ ಮನಬಿಚ್ಚಿ ಹೇಳಿಕೊಂಡನು. ಮರುವರ್ಷವೇ ಓಟದಿಂದ ನಿವೃತ್ತನಾಗಿ, 1995ರವರೆಗೆ ತುಂಬು ಬಾಳು ಬಾಳಿದನು. ಆ ಕಾಲದ ಚಾಲಕರಲ್ಲಿ ಅದು ಅಪರೂಪದ ಭಾಗ್ಯ. ಕಾಲಿನ್ಸ್ ಒಂದು ವರ್ಷದ ನಂತರ, 1958ರಲ್ಲಿ, ಅದೇ ನ್ಯೂರ್ಬರ್ಗ್‌ರಿಂಗಿನಲ್ಲಿ ಮಡಿದನು. ಹಾಥಾರ್ನ್ ಆ ವರ್ಷ ವಿಶ್ವಪದವಿ ಗೆದ್ದು ಓಟವನ್ನು ಬಿಟ್ಟರೂ, 1959ರ ಜನವರಿಯಲ್ಲಿ ಸಾಮಾನ್ಯ ರಸ್ತೆಯ ಮೇಲೆಯೇ ಅಪಘಾತದಲ್ಲಿ ತೀರಿಕೊಂಡನು.

ಅತಿ ನಿಕಟವಾದ ಮುಕ್ತಾಯಕ್ಕೆ 1971ರ ಇಟಾಲಿಯನ್ ಗ್ರಾಂ ಪ್ರಿ ಹೆಸರಾಗಿದೆ. ಮೊಂಜಾದಲ್ಲಿ ಪೀಟರ್ ಗೆಥಿನ್ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಗೆದ್ದನು. ಮೊದಲ ಐವರೂ 0.61 ಸೆಕೆಂಡಿನೊಳಗೆ ಗೆರೆ ದಾಟಿದರು. ನೋಡಿದವರಿಗೆ ರೋಮಾಂಚಕಾರಿಯೇ ಸರಿ. ಆದರೆ ಅದು ಬಹುತೇಕ ನೇರ ರಸ್ತೆಯ ಓಟ; ವೇಗವೊಂದನ್ನು ಬಿಟ್ಟರೆ ಅದರಲ್ಲಿ ಹೇಳಿಕೊಳ್ಳತಕ್ಕ ಕಥೆ ಹೆಚ್ಚಿಲ್ಲ.

ಇನ್ನು ಮಳೆಯ ವಿಷಯ. ಆಷಾಢದಲ್ಲಿ ಕರಾವಳಿಯ ಹೆದ್ದಾರಿಯಲ್ಲಿ ಸಂಚರಿಸಿದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಗಾಡಿಯ ವೇಗ ಇಮ್ಮಡಿಯಾದರೆ ಅದರಲ್ಲಿ ಅಡಗಿದ ಚಲನಶಕ್ತಿ ನಾಲ್ಕು ಮಡಿಯಾಗುತ್ತದೆ. ನಿಲ್ಲಲು ಬೇಕಾದ ದೂರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಇದು ಪ್ರೌಢಶಾಲೆಯ ಭೌತವಿಜ್ಞಾನ. ರಸ್ತೆಯ ಮೇಲೆ ನೀರು ನಿಂತಿದ್ದರೆ ಇನ್ನೊಂದು ಅಪಾಯ ಕೂಡಿಕೊಳ್ಳುತ್ತದೆ. ಒಂದು ವೇಗವನ್ನು ಮೀರಿದೊಡನೆ ಟೈರಿನ ಅಡಿಯ ನೀರು ಪಕ್ಕಕ್ಕೆ ಸರಿಯಲು ಅವಕಾಶ ಸಾಲದೆ, ಟೈರು ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆಗ ಚುಕ್ಕಾಣಿಯೂ ಬ್ರೇಕೂ ಏಕಕಾಲಕ್ಕೆ ನಿರುಪಯೋಗಿ. ಚಕ್ರ ಅಗಲವಾದಷ್ಟೂ, ಗಾಡಿ ಹಗುರವಾದಷ್ಟೂ ಈ ತೇಲಾಟ ಹೆಚ್ಚು. ಓಟದ ಕಾರಿನಲ್ಲಿ ಇವೆರಡೂ ಕೂಡಿವೆ.

1966ರ ಬೆಲ್ಜಿಯನ್ ಗ್ರಾಂ ಪ್ರಿಯಲ್ಲಿ ಹೀಗೆಯೇ ಆಯಿತು. ಸ್ಪಾ ಮಾರ್ಗದ ಒಂದು ತುದಿಯಲ್ಲಿ ಒಣಬಿಸಿಲು, ಇನ್ನೊಂದು ತುದಿಯಲ್ಲಿ ಧಾರಾಕಾರ ಮಳೆ. ಮೊದಲ ಸುತ್ತಿನಲ್ಲಿಯೇ ಸಾಲು ಸಾಲಾಗಿ ಕಾರುಗಳು ಹಾದಿ ತಪ್ಪಿದವು. ಸ್ಕಾಟ್ಲೆಂಡಿನ ಜಾಕಿ ಸ್ಟುವರ್ಟನ ಕಾರು ನುಚ್ಚುನೂರಾಗಿ, ಚುಕ್ಕಾಣಿಯ ಅಡಿಯಲ್ಲಿ ಅವನ ಕಾಲು ಸಿಕ್ಕಿಕೊಂಡಿತು. ಪೆಟ್ರೋಲು ಮೈಮೇಲೆ ಸುರಿಯುತ್ತಿತ್ತು. ಸಹಾಯಕ್ಕೆ ಬಂದವರು ಅಧಿಕಾರಿಗಳಲ್ಲ, ತಾವೂ ಹಾದಿ ತಪ್ಪಿದ ಇಬ್ಬರು ಸಹಸ್ಪರ್ಧಿಗಳು: ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್. ಪ್ರೇಕ್ಷಕನೊಬ್ಬನಿಂದ ಸ್ಪ್ಯಾನರು ಎರವಲು ತಂದು ಚುಕ್ಕಾಣಿ ಬಿಚ್ಚಿ ಅವನನ್ನು ಹೊರಗೆಳೆದರು. ಅಂದಿನಿಂದ ಸ್ಟುವರ್ಟ್ ಸುರಕ್ಷತೆಯ ಹೋರಾಟಕ್ಕೆ ತೊಡಗಿದನು. ರಕ್ಷಣಾ ಬೇಲಿ, ವೈದ್ಯರ ತಂಡ, ಸೊಂಟಪಟ್ಟಿ, ಇವನ್ನು ಕೇಳಿದ್ದಕ್ಕೆ ಅವನನ್ನು ಹೇಡಿಯೆಂದು ಜರೆದವರು ಉಂಟು. ಆ ಮಾತಿಗೆ ಅವನ ಉತ್ತರ 1968ರ ಜರ್ಮನ್ ಗ್ರಾಂ ಪ್ರಿ: ದಟ್ಟ ಮಂಜು ಮತ್ತು ಮಳೆಯಲ್ಲಿ, ಅದೇ ನ್ಯೂರ್ಬರ್ಗ್‌ರಿಂಗಿನಲ್ಲಿ, ನಾಲ್ಕು ಮಿನಿಟಿಗೂ ಹೆಚ್ಚಿನ ಅಂತರದಿಂದ ಗೆದ್ದನು.

ಆದರೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ನಿಂತು ನೋಡತಕ್ಕ ವರ್ಷ 1976. ಆಸ್ಟ್ರಿಯಾದ ನಿಕಿ ಲೌಡಾ ಹಿಂದಿನ ವರ್ಷದ ವಿಶ್ವವಿಜೇತ. ಫೆರಾರಿಯ ಚಾಲಕ, ಮಾತು ಕಡಿಮೆ, ಲೆಕ್ಕ ಜಾಸ್ತಿ. ಆ ವರ್ಷವೂ ಅವನೇ ಮುಂದಿದ್ದನು. ನ್ಯೂರ್ಬರ್ಗ್‌ರಿಂಗಿನಂಥ ಉದ್ದ ಮಾರ್ಗದಲ್ಲಿ ಅಗ್ನಿಶಾಮಕ ಮತ್ತು ವೈದ್ಯಕೀಯ ನೆರವು ಸಕಾಲಕ್ಕೆ ತಲುಪುವುದು ಅಸಾಧ್ಯವೆಂದು ಹೇಳಿ, ಅಲ್ಲಿಯ ಓಟವನ್ನು ಬಹಿಷ್ಕರಿಸಬೇಕೆಂದು ಅವನು ಚಾಲಕರ ಮುಂದೆ ಸೂಚನೆ ತಂದನು. ಬಹುಮತ ಒಪ್ಪಲಿಲ್ಲ. 1976ರ ಆಗಸ್ಟ್ 1ರಂದು ಓಟ ನಡೆಯಿತು. ಎರಡನೆಯ ಸುತ್ತಿನಲ್ಲಿ ಕಾರು ತಡೆಗೋಡೆಗೆ ಬಡಿದು ಬೆಂಕಿ ಹತ್ತಿಕೊಂಡದ್ದು ಲೌಡಾನದೇ. ಈ ಸಲವೂ ಉರಿಯಿಂದ ಅವನನ್ನು ಎಳೆದು ತೆಗೆದವರು ಹಿಂದೆ ಬಂದ ಸಹಚಾಲಕರು. ಮುಖ ಸುಟ್ಟಿತ್ತು, ಶ್ವಾಸಕೋಶಗಳು ವಿಷಹೊಗೆಯಿಂದ ತುಂಬಿದ್ದವು. ಆಸ್ಪತ್ರೆಯಲ್ಲಿ ಪಾದ್ರಿ ಬಂದು ಅಂತ್ಯಸಂಸ್ಕಾರದ ಪ್ರಾರ್ಥನೆ ಮಾಡಿ ಹೋದರು.

ಆರು ವಾರಗಳಲ್ಲಿ ಲೌಡಾ ಮೊಂಜಾದಲ್ಲಿ ಮತ್ತೆ ಕಾರಿನಲ್ಲಿ ಕುಳಿತಿದ್ದನು. ತಲೆಯ ಗಾಯಗಳು ಆರಿರಲಿಲ್ಲ. ಶಿರಸ್ತ್ರಾಣ ತೆಗೆದಾಗ ಪಟ್ಟಿಗಳಿಂದ ರಕ್ತ ಒಸರುತ್ತಿತ್ತು. ಆದರೂ ನಾಲ್ಕನೆಯವನಾಗಿ ಮುಗಿಸಿದನು. ಈ ನಡುವೆ ಇಂಗ್ಲೆಂಡಿನ ಜೇಮ್ಸ್ ಹಂಟ್ ಅಂಕಗಳಲ್ಲಿ ಸಮೀಪಿಸಿದ್ದನು. ಅಕ್ಟೋಬರ್ 24ರಂದು ಜಪಾನಿನ ಫುಜಿಯಲ್ಲಿ ಕೊನೆಯ ಓಟಕ್ಕೆ ನಿಂತಾಗ ಲೌಡಾನಿಗೆ 68, ಹಂಟನಿಗೆ 65.

ಅಂದು ಫುಜಿಯಲ್ಲಿ ಬಿದ್ದ ಮಳೆ ಹಾದಿಯನ್ನು ಹೊಳೆಯಾಗಿಸಿತ್ತು. ಓಟವನ್ನು ತಡಮಾಡಿ, ಕೊನೆಗೆ ನಡೆಸಿಯೇ ಬಿಡುವುದೆಂದು ತೀರ್ಮಾನಿಸಿದರು. ಎರಡು ಸುತ್ತು ಓಡಿಸಿ ಲೌಡಾ ಕಾರನ್ನು ತಂಡದ ನಿಲುಗಡೆಗೆ ತಂದು ನಿಲ್ಲಿಸಿದನು. ಇಂಥ ನೀರಿನಲ್ಲಿ ಓಡಿಸುವುದು ಹುಚ್ಚು, ಪದವಿಗಿಂತ ಪ್ರಾಣ ದೊಡ್ಡದು ಎಂಬುದು ಅವನ ನಿಲುವು. ತಂಡದ ಮುಖ್ಯ ಎಂಜಿನಿಯರ್ ಮೌರೊ ಫೋರ್ಗಿಯೇರಿ, ಎಂಜಿನ್ ಕೆಟ್ಟಿತೆಂದು ಪ್ರಕಟಿಸೋಣವೆಂದು ಸೂಚಿಸಿದನು. ಮರ್ಯಾದೆ ಉಳಿಸುವ ಸುಲಭ ಉಪಾಯ. ಲೌಡಾ ಅದಕ್ಕೆ ಒಪ್ಪಲಿಲ್ಲ. ನಿಲ್ಲಿಸಿದವನು ತಾನು ಎಂದೇ ಹೇಳಿದನು. ಸುಟ್ಟ ರೆಪ್ಪೆಗಳು ಸರಿಯಾಗಿ ಮಿಟುಕದೆ ಅವನ ಕಣ್ಣಿಗೆ ಅಂದು ಹಾದಿಯೇ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದೂ ನಿಜ. ಅವನಂತೆಯೇ ಅಂದು ಸ್ವಇಚ್ಛೆಯಿಂದ ಓಟ ಬಿಟ್ಟವರಲ್ಲಿ ಎರಡು ಬಾರಿಯ ವಿಶ್ವವಿಜೇತ ಎಮರ್ಸನ್ ಫಿಟಿಪಾಲ್ಡಿಯೂ ಒಬ್ಬ. ಆದರೆ ಅವನಿಗೆ ಕಳೆದುಕೊಳ್ಳಲು ಪದವಿ ಇರಲಿಲ್ಲ.

ವಿಧಿಯ ಕುಚೋದ್ಯವೆಂಬಂತೆ ಸ್ವಲ್ಪ ಹೊತ್ತಿನಲ್ಲಿ ಮಳೆ ನಿಂತು ಹಾದಿ ಒಣಗತೊಡಗಿತು. ಹಂಟನ ಟೈರು ಕೊನೆಯ ಸುತ್ತುಗಳಲ್ಲಿ ಕೆಟ್ಟು, ಅವನು ನಿಂತು ಬದಲಿಸಿಕೊಂಡು ಮತ್ತೆ ನುಗ್ಗಿ, ಮೂರನೆಯವನಾಗಿ ಮುಗಿಸಿದನು. ಅಂಕ 69. ಲೌಡಾನದು 68ರಲ್ಲಿಯೇ ಉಳಿಯಿತು. ಓಟವನ್ನು ಗೆದ್ದವನು ಮಾರಿಯೊ ಆಂಡ್ರೆಟ್ಟಿ. ಅದು ಇಂದು ಬಹು ಮಂದಿಗೆ ನೆನಪಿಲ್ಲ.

ಇಟಲಿಯ ಪತ್ರಿಕೆಗಳು ಲೌಡಾನನ್ನು ಕಟುವಾಗಿ ಟೀಕಿಸಿದವು. ಅವನು ಮರುವರ್ಷ, 1977ರಲ್ಲಿ, ಫೆರಾರಿಗೆ ಮತ್ತೊಂದು ಪದವಿ ಗೆದ್ದುಕೊಟ್ಟು ಆ ತಂಡವನ್ನು ತೊರೆದನು. ಇದಕ್ಕೊಂದು ಉಪಕಥೆಯಿದೆ. 1984ರ ಜೂನ್ 3ರಂದು ಮೊನಾಕೊದಲ್ಲಿ ಭಾರಿ ಮಳೆ ಸುರಿದು, ಓಟವನ್ನು ಅರ್ಧಕ್ಕಿಂತ ಮೊದಲೇ ನಿಲ್ಲಿಸಬೇಕಾಯಿತು. ಮುಂದಿದ್ದ ಆಲೆನ್ ಪ್ರಾಸ್ಟ್‌ನಿಗೆ ಗೆಲುವು ಸಿಕ್ಕಿತು. ಆದರೆ ಓಟ ಪೂರ್ಣವಾಗದ ಕಾರಣ 9ರ ಬದಲು 4.5 ಅಂಕ ಮಾತ್ರ. ವರ್ಷದ ಕೊನೆಗೆ ಪ್ರಾಸ್ಟ್ 71.5 ಅಂಕ ಗಳಿಸಿದರೆ, ಅವನದೇ ತಂಡದ ಇನ್ನೊಬ್ಬ ಚಾಲಕ 72 ಅಂಕ ಗಳಿಸಿ ವಿಶ್ವವಿಜೇತನಾದನು. ಆ ಇನ್ನೊಬ್ಬನೇ ನಿಕಿ ಲೌಡಾ. ಮಳೆಯಲ್ಲಿ ತಾನು ನಿಲ್ಲಿಸಿ ಒಂದು ಅಂಕದಿಂದ ಕಳೆದುಕೊಂಡುದು, ಎಂಟು ವರ್ಷಗಳ ಮೇಲೆ, ಮಳೆಯಲ್ಲಿ ಇತರರು ನಿಲ್ಲಿಸಿದ್ದರಿಂದ ಅರ್ಧ ಅಂಕದಲ್ಲಿ ಹಿಂದಿರುಗಿ ಬಂದಿತು. ಆತ ತೀರಿಕೊಂಡದ್ದು 2019ರ ಮೇ ತಿಂಗಳಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ.

ನ್ಯೂರ್ಬರ್ಗ್‌ರಿಂಗಿನ ಆ ಹಳೆಯ ಉದ್ದ ಮಾರ್ಗದಲ್ಲಿ 1976ರ ಬಳಿಕ ಗ್ರಾಂ ಪ್ರಿ ನಡೆದಿಲ್ಲ. 1994ರಲ್ಲಿ ಇಟಲಿಯ ಇಮೊಲಾದಲ್ಲಿ ಏಪ್ರಿಲ್ 30ರಂದು ರೋಲಂಡ್ ರಾಟ್ಸೆನ್‌ಬರ್ಗರ್, ಮರುದಿನ ಬ್ರೆಜಿಲಿನ ಐರ್ಟನ್ ಸೆನ್ನಾ ಮಡಿದ ಮೇಲೆ ಸುರಕ್ಷತೆಯ ನಿಯಮಗಳು ಇನ್ನೂ ಬಿಗಿಯಾದವು. 2014ರಲ್ಲಿ ಜಪಾನಿನ ಸುಜುಕಾದಲ್ಲಿ, ಮತ್ತೆ ಮಳೆಯಲ್ಲಿ, ಜೂಲ್ಸ್ ಬಿಯಾಂಕಿ ಗಾಯಗೊಂಡು ಮುಂದಿನ ವರ್ಷ ಅಸುನೀಗಿದನು. 2018ರಿಂದ ಚಾಲಕನ ತಲೆಯ ಸುತ್ತ 'ಹೇಲೊ' ಎಂಬ ಟೈಟೇನಿಯಂ ಕಮಾನು ಕಡ್ಡಾಯವಾಯಿತು. ನೋಟ ಕೆಡುತ್ತದೆಂದು ಅದನ್ನು ಆಕ್ಷೇಪಿಸಿದ ಚಾಲಕರಲ್ಲಿ ರೊಮೇನ್ ಗ್ರೋಜಾನ್ ಒಬ್ಬ. 2020ರ ನವೆಂಬರ್ 29ರಂದು ಬಹರೈನಿನಲ್ಲಿ ಅವನ ಕಾರು ಲೋಹದ ಬೇಲಿಯನ್ನು ಸೀಳಿ ಎರಡು ತುಂಡಾಗಿ ಉರಿದೆದ್ದಿತು. 28 ಸೆಕೆಂಡುಗಳ ನಂತರ ಅವನು ತಾನೇ ಬೆಂಕಿಯಿಂದ ಹೊರಬಂದನು. ಕೈಗಳು ಸುಟ್ಟಿದ್ದವು, ಅಷ್ಟೇ. ಹೇಲೊ ಇರದಿದ್ದರೆ ಬದುಕುತ್ತಿರಲಿಲ್ಲವೆಂದು ಆತನೇ ಒಪ್ಪಿಕೊಂಡನು.

ಇಷ್ಟೆಲ್ಲ ದೂರದೇಶಗಳ ವೃತ್ತಾಂತವಾಯಿತು. ಕನ್ನಡನಾಡಿಗೂ ಈ ಇತಿಹಾಸದಲ್ಲಿ ಒಂದು ಪುಟ ಉಂಟು. ದಕ್ಷಿಣ ಭಾರತದಲ್ಲಿ ಮೋಟಾರು ಓಟದ ತವರು ಮದರಾಸಿನ ಸಮೀಪದ ಶೋಲಾವರಂ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುಹಾದಿಯ ಮೇಲೆ ಅಲ್ಲಿ ವರ್ಷವರ್ಷವೂ ಸ್ಪರ್ಧೆಗಳು ಜರುಗುತ್ತಿದ್ದವು. 1980ರ ದಶಕದಲ್ಲಿ ಅಲ್ಲಿಗೆ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ತಂದು ಓಡಿಸಿದವರು ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ; ಮನೆತನ ಮೂಲತಃ ಬಂಟ್ವಾಳದ ಕಡೆಯದು. 2007ರಲ್ಲಿ ಅವರು ಪಾಲುದಾರರೊಡನೆ ಸ್ಪೈಕರ್ ಎಂಬ ಹಿಂದುಳಿದ ತಂಡವನ್ನು ಕೊಂಡು 'ಫೋರ್ಸ್ ಇಂಡಿಯಾ' ಎಂದು ಹೆಸರಿಟ್ಟರು. ಕಾರ್ಖಾನೆ ಸಿಲ್ವರ್‌ಸ್ಟೋನಿನಲ್ಲಿ, ಚಾಲಕರು ಯುರೋಪಿನವರು. ಹೆಸರು ಮಾತ್ರ ಭಾರತದ್ದು ಎಂದು ಹಲವರು ಮೂಗು ಮುರಿದರು. ಮೊದಲ 29 ಓಟಗಳಲ್ಲಿ ಒಂದು ಅಂಕವೂ ದೊರೆಯಲಿಲ್ಲ.

ಮೂವತ್ತನೆಯದು 2009ರ ಆಗಸ್ಟ್ 30ರ ಬೆಲ್ಜಿಯನ್ ಗ್ರಾಂ ಪ್ರಿ, ಸ್ಟುವರ್ಟ್ ಸಿಕ್ಕಿಬಿದ್ದ ಅದೇ ಸ್ಪಾ; ಆದರೆ ಈಗ 7 ಕಿಲೋಮೀಟರಿಗೆ ಮೊಟಕುಗೊಳಿಸಿದ ಮಾರ್ಗ. ಫೋರ್ಸ್ ಇಂಡಿಯಾದ ಕಾರು ಗಾಳಿಯನ್ನು ಸಲೀಸಾಗಿ ಸೀಳುವಂಥದು. ಸ್ಪಾದ ಉದ್ದನೆಯ ನೇರ ಹಾದಿಗಳಿಗೆ ಹೇಳಿ ಮಾಡಿಸಿದಂತಿತ್ತು. ಓಟದ ಹಿಂದಿನ ದಿನ ಇಟಲಿಯ ಜಿಯಾಂಕಾರ್ಲೊ ಫಿಸಿಕೆಲ್ಲಾ ಅದರಲ್ಲಿ ಎಲ್ಲರಿಗಿಂತ ಮೊದಲ ಸ್ಥಾನ ಪಡೆದಾಗ ನೋಡುತ್ತಿದ್ದವರು ಕಾಲದ ಫಲಕವನ್ನು ಎರಡೆರಡು ಸಲ ಓದಿದರು.

ಓಟದ ಮೊದಲ ಸುತ್ತಿನಲ್ಲಿ ಹಿಂದೆ ನಾಲ್ಕು ಕಾರುಗಳು ಡಿಕ್ಕಿಯಾಗಿ, ಸುರಕ್ಷತಾ ಕಾರಿನ ಹಿಂದೆ ಎಲ್ಲರೂ ನಿಧಾನವಾಗಿ ಸಾಗಬೇಕಾಯಿತು. ಮತ್ತೆ ವೇಗಕ್ಕೆ ಅನುಮತಿ ಸಿಕ್ಕಾಗ ಫಿಸಿಕೆಲ್ಲಾನ ಬೆನ್ನಿಗೆ ಫೆರಾರಿಯ ಕಿಮಿ ರೈಕೊನೆನ್ ಇದ್ದನು. ಫೆರಾರಿಯಲ್ಲಿ 'ಕೆರ್ಸ್' ಎಂಬ ಹೊಸ ಸಾಧನವಿತ್ತು. ಫೋರ್ಸ್ ಇಂಡಿಯಾದಲ್ಲಿ ಇರಲಿಲ್ಲ. ಸಾಮಾನ್ಯ ಕಾರಿನಲ್ಲಿ ಬ್ರೇಕು ಹಾಕಿದಾಗ ಚಲನಶಕ್ತಿಯೆಲ್ಲ ಶಾಖವಾಗಿ ಗಾಳಿಗೆ ಹೋಗುತ್ತದೆ. ಅರಬೈಲಿನಲ್ಲಿ ಲಾರಿಯ ಬ್ರೇಕನ್ನು ಕಾಯಿಸುವುದು ಇದೇ. ಕೆರ್ಸ್ ಅದರ ಒಂದು ಅಂಶವನ್ನು ವಿದ್ಯುತ್ತಾಗಿ ಬ್ಯಾಟರಿಯಲ್ಲಿ ಕೂಡಿಟ್ಟುಕೊಂಡು, ಚಾಲಕನು ಗುಂಡಿಯೊತ್ತಿದಾಗ ಸುತ್ತಿಗೆ ಸುಮಾರು ಆರೂವರೆ ಸೆಕೆಂಡುಗಳ ಕಾಲ ಎಂಬತ್ತು ಅಶ್ವಶಕ್ತಿಯನ್ನು ಹಿಂದಿರುಗಿಸುತ್ತಿತ್ತು. ಐದನೆಯ ಸುತ್ತಿನಲ್ಲಿ, ಏರು ಮುಗಿದು ನೇರ ಹಾದಿ ತೆರೆದುಕೊಂಡಾಗ, ರೈಕೊನೆನ್ ಆ ಗುಂಡಿಯೊತ್ತಿ ಮುಂದೆ ಹೋದನು. ತಿರುವುಗಳಲ್ಲಿ ತಡೆದು ಉಳಿಸಿದ ಶಕ್ತಿಯೇ ನೇರ ಹಾದಿಯಲ್ಲಿ ಗೆಲುವಾಯಿತು. ಉಳಿದ ಸುಮಾರು ನಲವತ್ತು ಸುತ್ತುಗಳಲ್ಲಿ ಫಿಸಿಕೆಲ್ಲಾ ಅವನ ಹಿಂದೆಯೇ ಅಂಟಿಕೊಂಡಿದ್ದರೂ ದಾಟಲಾಗಲಿಲ್ಲ. ಕೊನೆಯ ಅಂತರ ಒಂದು ಸೆಕೆಂಡಿಗೂ ಕಡಿಮೆ. ಎರಡನೆಯ ಸ್ಥಾನ, 8 ಅಂಕ. ತಮ್ಮ ಕಾರೇ ಅಂದು ಹೆಚ್ಚು ವೇಗದ್ದಾಗಿತ್ತೆಂದು ಫಿಸಿಕೆಲ್ಲಾ ಹೇಳಿದುದನ್ನು ಅಲ್ಲಗಳೆಯುವುದು ಕಷ್ಟ. ಆ ಓಟ ಮುಗಿದೊಡನೆ ಫೆರಾರಿಯವರೇ ಅವನನ್ನು ಕರೆದುಕೊಂಡರು. ಅಲ್ಲಿ ಆಡಿದ ಐದು ಓಟಗಳಲ್ಲಿ ಅವನಿಗೆ ಒಂದಂಕವೂ ಬರಲಿಲ್ಲ.

ಫೋರ್ಸ್ ಇಂಡಿಯಾ 2016 ಮತ್ತು 2017ರಲ್ಲಿ ತಂಡಗಳ ಪೈಕಿ ನಾಲ್ಕನೆಯ ಸ್ಥಾನಕ್ಕೇರಿತು. ಆದರೆ ಒಂದು ಓಟವನ್ನೂ ಗೆಲ್ಲಲಿಲ್ಲ. ಬ್ಯಾಂಕು ಸಾಲಗಳ ವಿವಾದದ ನಡುವೆ ಮಲ್ಯರು 2016ರಲ್ಲಿ ದೇಶ ಬಿಟ್ಟರು, 2018ರಲ್ಲಿ ತಂಡವೂ ಪರಭಾರೆಯಾಯಿತು. ಉತ್ತರಪ್ರದೇಶದ ಗ್ರೇಟರ್ ನೊಯ್ಡಾದಲ್ಲಿ ನಡೆದ ಇಂಡಿಯನ್ ಗ್ರಾಂ ಪ್ರಿಯದೂ ಅಲ್ಪಾಯುಷ್ಯ: 2011, 2012, 2013, ಮೂರೂ ವರ್ಷ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್‌ನ ಗೆಲುವು, ಬಳಿಕ ತೆರಿಗೆಯ ತಕರಾರಿನಲ್ಲಿ ನಿಂತುಹೋಯಿತು.

ಗ್ರಾಂ ಪ್ರಿಗಳ ಜೊತೆಯಲ್ಲಿಯೇ, ಅದರ ಕೆಳಗಿನ ಮೆಟ್ಟಿಲಾಗಿ, ಫಾರ್ಮುಲಾ ಟೂ ಓಟಗಳು ನಡೆಯುತ್ತವೆ. 2025ರ ಮೇ 24ರಂದು ಮೊನಾಕೊದಲ್ಲಿ ಜರುಗಿದ ಅಂಥ ಕಿರು ಓಟವನ್ನು ಬೆಂಗಳೂರಿನಲ್ಲಿ ಹುಟ್ಟಿದ ಕುಶ್ ಮೈನಿ ಗೆದ್ದನು. ಆ ವರ್ಗದಲ್ಲಿ ಅಲ್ಲಿ ಗೆದ್ದ ಮೊದಲ ಭಾರತೀಯ ಅವನೇ. ಕಿರು ಓಟದ ನಿಯಮದಂತೆ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಿರುಗಿಸಿ ನಿಲ್ಲಿಸುವುದರಿಂದ ಹತ್ತನೆಯವನಾದ ಮೈನಿಗೆ ಮುಂಚೂಣಿ ದೊರೆಯಿತು. ಪಟ್ಟಣದ ಓಣಿಗಳಲ್ಲಿ ಸುತ್ತುವ ಮೊನಾಕೊ ಗ್ರಾಂ ಪ್ರಿ ಮಾರ್ಗಗಳಲ್ಲೆಲ್ಲ ಅತ್ಯಂತ ನಿಧಾನದ್ದು. ಅಲ್ಲಿಯ ಒಂದು ಕೊಂಡಿ ತಿರುವನ್ನು ಗಂಟೆಗೆ 50 ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ, ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ದಾಟಬೇಕು. ಇಕ್ಕೆಲದಲ್ಲಿಯೂ ಗೋಡೆ, ಬ್ರೇಕು ಒಂದು ಗೇಣು ತಡವಾದರೂ ಓಟ ಅಲ್ಲಿಗೇ ಮುಗಿಯಿತು. ಬೆನ್ನ ಹಿಂದೆ ಇಡೀ ಸಾಲನ್ನು ಇಟ್ಟುಕೊಂಡು ಮೈನಿ ಆ ತಿರುವನ್ನು ಮೂವತ್ತು ಸಲ ದಾಟಿದನು.